ಅವ್ವನ ಕೈ ಕಲಿತವಳು

ನಿಪ್ಪಾಣಿಯ ನಮ್ಮ ಗಲ್ಲಿಯಲ್ಲಿ ಬೀಡಿ ಕಟ್ಟುವ ಹೆಂಗಸರನ್ನು ಮುಖ ನೋಡದೆಯೂ ಗುರುತಿಸಬಹುದಿತ್ತು. ಅವರು ಕಟ್ಟಿದ ಬೀಡಿ ನೋಡಿದರೆ ಸಾಕು. ಒಬ್ಬಾಕೆಯ ಬೀಡಿ ನಡುವೆ ತುಸು ಉಬ್ಬಿರುತ್ತಿತ್ತು. ಇನ್ನೊಬ್ಬಾಕೆ ದಾರವನ್ನು ಒಂದು ಸುತ್ತು ಹೆಚ್ಚಿಗೆ ಸುತ್ತುತ್ತಿದ್ದಳು. ನಮ್ಮ ಅವ್ವ ಎಲೆಯ ತುದಿಯನ್ನು ಮಡಚಿ ಒಳಗೆ ಒತ್ತುವಾಗ ಅವಳ ಉಗುರಿನ ಸಣ್ಣ ಗೆರೆಯೊಂದು ಮೂಡುತ್ತಿತ್ತು. ಬೇಕೆಂದು ಮಾಡಿದ್ದಲ್ಲ, ವರ್ಷಗಟ್ಟಲೆ ಕಟ್ಟಿದ ರೂಢಿ. ಕಟ್ಟಿನ ಇಪ್ಪತ್ತೈದು ಬೀಡಿಯಲ್ಲೂ ಆ ಗೆರೆ ಒಂದೇ ಜಾಗದಲ್ಲಿ ಇರುತ್ತಿತ್ತು. ಇದನ್ನು ನಮ್ಮ ಗಲ್ಲಿಯವರು ‘ಕೈ’ ಎನ್ನುತ್ತಿದ್ದರು. ಅವ್ವನ ಕೈ ಎಂದರೆ ಬೀಡಿ ಕೊಟ್ಟು ಬರುವ ವಖಾರದಿಂದ ಒಂದು ಕಟ್ಟೂ ವಾಪಸ್ ಬಾರದ ಕೈ.

ಆ ಕೈ ನನಗೆ ಬರಲಿಲ್ಲ. ಬಾಜೂ ಮನೆಯ ಹುಡುಗಿಗೆ ಬಂತು.

ಅವ್ವನೇ ನನಗೆ ಕಲಿಸಲಿಲ್ಲ. ನಾನು ಎಲೆ ತಂಬಾಕಿನ ಮೊರದ ಹತ್ತಿರ ಹೋದರೆ ಮೊಣಕೈಯಿಂದ ತಿವಿದು ದೂರ ಕಳಿಸುತ್ತಿದ್ದಳು. "ನಿನ್ನ ಉಗುರಾಗ ತಂಬಾಕಿನ ವಾಸನಿ ಬರಬಾರದು. ಹೋಗ, ಅಭ್ಯಾಸ ಮಾಡ" ಎನ್ನುತ್ತಿದ್ದಳು. ಅದು ಪ್ರೀತಿಯೇ ಎಂದು ಈಗ ಎಲ್ಲರೂ ಹೇಳುತ್ತಾರೆ. ಆಗ ನನಗೆ ಕಂಡದ್ದು ಇಷ್ಟು: ಬಾಗಿಲಿನ ಬೆಳಕಿನಲ್ಲಿ ಅವ್ವ ಕೂತಿರುತ್ತಿದ್ದಳು, ಪಕ್ಕದಲ್ಲಿ ಆ ಹುಡುಗಿ ತನ್ನ ಮೊರ ಇಟ್ಟುಕೊಂಡು ಕೂತಿರುತ್ತಿದ್ದಳು, ಇಬ್ಬರ ಮೊಣಕಾಲು ಒಂದಕ್ಕೊಂದು ತಾಗುತ್ತಿದ್ದವು. ನಾನು ಒಳಗೆ ಗೋಡೆಗೆ ಒರಗಿ ಭೂಗೋಳ ಓದುತ್ತಿದ್ದೆ.

ಆಕೆ ನನಗಿಂತ ಐದು ವರ್ಷ ದೊಡ್ಡವಳು. ಏಳನೇ ತರಗತಿಗೆ ಶಾಲೆ ಬಿಟ್ಟಿದ್ದಳು. ತನ್ನ ಆಯಿಯ ಜೊತೆ, ಅಂದರೆ ಅಜ್ಜಿಯ ಜೊತೆ, ಇದ್ದಳು. ಅಜ್ಜಿಗೆ ಕಣ್ಣು ಮಂಜು, ಕಲಿಸಲಾಗದು. ಹಾಗಾಗಿ ಅವಳು ನಮ್ಮ ಅವ್ವನ ಪಕ್ಕ ಬಂದು ಕೂತಳು, ಕೂತವಳು ಏಳಲೇ ಇಲ್ಲ. ಎಲೆಯನ್ನು ಎಷ್ಟು ನೆನೆಹಾಕಬೇಕು, ಕತ್ತರಿ ಹೇಗೆ ತಿರುಗಿಸಬೇಕು ಎಂಬುದನ್ನೆಲ್ಲ ಅವ್ವನನ್ನು ನೋಡಿ ನೋಡಿ ಕಲಿತಳು. ಕೊನೆಗೆ ಉಗುರಿನ ಆ ಗೆರೆ ಕೂಡ ಅವಳ ಬೀಡಿಯಲ್ಲಿ ಮೂಡತೊಡಗಿತು.

ನಾನು ಆಗಲೇ ದಿನಚರಿ ಬರೆಯುತ್ತಿದ್ದೆ. ಅಪ್ಪ ತಂಬಾಕಿನ ಟ್ರಕ್ಕು ಓಡಿಸುತ್ತಿದ್ದ, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಬಂದಾಗ ಯಾರೋ ಕೊಟ್ಟ ಹಳೆಯ ಡೈರಿ ತರುತ್ತಿದ್ದ. ಅದರಲ್ಲಿ ವಾರ, ತಿಥಿ, ಮಳೆ ಬಂತೋ ಇಲ್ಲವೋ, ಮನೆಗೆ ಯಾರು ಬಂದರು ಎಂದು ಗೆರೆ ಹೊಡೆದು ಬರೆದಿಡುತ್ತಿದ್ದೆ. ಅದನ್ನು ನೋಡಿ ಆಕೆ ನನಗೆ ಗುಮಾಸ್ತಳ ಹೆಸರಿಟ್ಟಳು.

"ಏನ್ ಕಾರಕೂನಬಾಯಿ, ಇವತ್ತ ನಾ ಎಷ್ಟ ಸಲ ಸೀನೀನಿ ಬರಕೊಂಡೀಯೇನು?"

"ಮೂರ ಸಲ."

"ನೋಡ ಕಾಕೂ, ಖರೇನ ಬರದಾಳ!" ಎಂದು ಅವ್ವನ ತೊಡೆಗೆ ಬಡಿದು ನಗುತ್ತಿದ್ದಳು. ಕಾಕೂ ಎಂದರೆ ಚಿಕ್ಕಮ್ಮ, ಅವ್ವನನ್ನು ಆಕೆ ಹಾಗೆಯೇ ಕರೆಯುತ್ತಿದ್ದಳು. ಅವ್ವನೂ ನಗುತ್ತಿದ್ದಳು. ಅವ್ವ ನನ್ನನ್ನು ನೋಡಿ ನಕ್ಕದ್ದಕ್ಕಿಂತ ಅವಳ ಜೊತೆ ನಕ್ಕದ್ದು ನನಗೆ ಹೆಚ್ಚು ಚುಚ್ಚುತ್ತಿತ್ತು.

ನಾನು ಎಂಟನೇ ತರಗತಿಯಲ್ಲಿದ್ದ ಆ ಮಳೆಗಾಲದಲ್ಲಿ ಊರಿಗೆ ಕೀಲು ಹಿಡಿಯುವ ಜ್ವರ ಬಂತು. ಚಿಕೂನ್‌ಗುನ್ಯಾ ಎಂಬ ಹೆಸರು ಪೇಪರಿನಲ್ಲಿ ಬಂದ ಮೇಲೆ ಗೊತ್ತಾಯಿತು. ಜ್ವರ ನಾಲ್ಕು ದಿನಕ್ಕೆ ಇಳಿಯುತ್ತಿತ್ತು, ಬೆರಳಿನ ಬಾವು ಇಳಿಯುತ್ತಿರಲಿಲ್ಲ. ನಮ್ಮ ಗಲ್ಲಿಯ ಹೆಂಗಸರು ಬಾಗಿಲಲ್ಲಿ ಕೂತು ತಮ್ಮ ಕೈಗಳನ್ನು ಯಾರದೋ ಸಾಮಾನಿನಂತೆ ಮಡಿಲಲ್ಲಿ ಇಟ್ಟುಕೊಂಡು ನೋಡುತ್ತಿದ್ದರು. ಆಷಾಢದ ಒಂದು ಸೋಮವಾರ ಅವ್ವನಿಗೂ ಹತ್ತಿತು. ಗುರುವಾರ ಎದ್ದು ಮೊರದ ಮುಂದೆ ಕೂತಳು. ಕತ್ತರಿಯೊಳಗೆ ಬೆರಳು ಹೋಗಲಿಲ್ಲ.

ಬೀಡಿ ಕಟ್ಟದಿದ್ದರೆ ಆ ದಿನದ ಕೂಲಿ ಹೋಗುತ್ತದೆ, ಅಷ್ಟೇ ಆಗಿದ್ದರೆ ಅವ್ವ ಅಷ್ಟು ಹೆದರುತ್ತಿರಲಿಲ್ಲ. ಭಯ ಇದ್ದದ್ದು ಕಾರ್ಡಿನದು. ಬಹಳ ದಿನ ಮಾಲು ಕೊಡದಿದ್ದರೆ ವಖಾರದವರು ಕಾರ್ಡು ಬಂದ್ ಮಾಡುತ್ತಿದ್ದರು. ಎಲೆ ತಂಬಾಕು ಬೇರೆಯವರಿಗೆ ಹೋಗುತ್ತಿತ್ತು, ಮುಪ್ಪಿನಲ್ಲಿ ಬರಬೇಕಾದ ಪಿಂಚಣಿಯ ದಾರಿಯೂ ಮುಚ್ಚುತ್ತಿತ್ತು. ಹಿಂದೆ ಯಾರಿಗಾದರೂ ಬಾಣಂತನವೋ ಜಡ್ಡೋ ಆದಾಗ ಗಲ್ಲಿಯ ಹೆಂಗಸರು ದಿನಕ್ಕೊಂದು ಕಟ್ಟು ಕಟ್ಟಿ ಅವಳ ಮೊರಕ್ಕೆ ಹಾಕುತ್ತಿದ್ದರು. ಮುಂದೆ ತಮಗೆ ಕಷ್ಟ ಬಂದಾಗ ಅದು ಮರಳಿ ಬರುತ್ತಿತ್ತು. ಮುಯ್ಯಿ ಎನ್ನುತ್ತಿದ್ದರು ಅದಕ್ಕೆ. ಆದರೆ ಈ ಸಲ ಮುಯ್ಯಿ ಹಾಕುವವರ ಕೈಗಳೂ ಬಾತಿದ್ದವು.

ಬಾಜೂ ಮನೆಯ ಹುಡುಗಿಗೆ ಮಾತ್ರ ಜ್ವರ ಬರಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂದಿತ್ತು ಎಂದು ಆ ವಾರದ ದಿನಚರಿಯಲ್ಲಿ ಬರೆದಿದ್ದೇನೆ.

ಶುಕ್ರವಾರ ಬೆಳಿಗ್ಗೆ ಆಕೆ ಬಂದು ಏನೂ ಕೇಳದೆ ಅವ್ವನ ಜಾಗದಲ್ಲಿ ಕೂತಳು. ಪಕ್ಕದಲ್ಲಿ ಅಲ್ಲ, ಅವ್ವನ ಜಾಗದಲ್ಲೇ, ಅವ್ವನ ಮೊರವನ್ನೇ ತೊಡೆಯ ಮೇಲೆ ಇಟ್ಟುಕೊಂಡು, ಅವ್ವನ ಕತ್ತರಿಯನ್ನೇ ಹಿಡಿದು.

"ಆ ಇನ್ನೊಂದ ವಖಾರಕ್ಕ ಕೊಡೂ ನಿಮ್ಮಾಯಿ ಮಾಲು ಯಾರ ಕಟ್ಟಾವ್ರಬೇ?" ಎಂದು ಅವ್ವ ಹಾಸಿಗೆಯಿಂದ ಕೇಳಿದಳು.

"ಅದನ್ನ ನಸಕಿನಾಗ ಮುಗಿಸೇನಿ. ನೀ ಸುಮ್ಮ ಮಲಕೋ ಕಾಕೂ. ಮಾತಾಡಿಸಿದ್ರ ನನ್ನ ಲೆಕ್ಕ ತಪ್ಪತೈತಿ. ಲೆಕ್ಕಕ್ಕ ಕಾರಕೂನಬಾಯಿ ಅದಾಳಲ್ಲ, ಬಾರವಾ, ಕಟ್ಟ ಎಣಸ."

ಎಣಿಸುವ ಕೆಲಸ ನನಗೆ ಬಂತು. ಶಾಲೆಯಿಂದ ಬಂದ ಮೇಲೆ ಅವಳ ಎದುರು ಕೂತು ಕಟ್ಟು ಎಣಿಸಿ ಚೀಲಕ್ಕೆ ಹಾಕುತ್ತಿದ್ದೆ. ಅವಳು ಗುನುಗುತ್ತ, ನಡುವೆ ಶೇಂಗಾ ತಿನ್ನುತ್ತ, ತಲೆ ಎತ್ತದೆ ಕಟ್ಟುತ್ತಿದ್ದಳು. ಪ್ರತಿ ಬೀಡಿಯ ತುದಿಯಲ್ಲೂ ಅವ್ವನ ಗೆರೆ. ಅವ್ವ ಮಲಗಿದಲ್ಲಿಂದಲೇ ಒಂದು ಬೀಡಿಯನ್ನು ಬಾತ ಬೆರಳುಗಳ ನಡುವೆ ತಿರುಗಿಸಿ ನೋಡಿ, "ನನ್ನ ಕೈನ ಐತಿ ನೋಡು" ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು. ನಾನು ಗಣಿತದಲ್ಲಿ ತರಗತಿಗೆ ಮೊದಲಿಗಳಾದಾಗ ಆ ಕಣ್ಣು ಒಣಗಿಯೇ ಇತ್ತು.

ಅಂದಿನಿಂದ ದಿನಚರಿಯ ಪುಟವನ್ನು ಎರಡು ಮಾಡಿ ಗೆರೆ ಹೊಡೆದೆ. ಎಡಕ್ಕೆ ಅವ್ವ ಆಕೆಯನ್ನು ಹೊಗಳಿದ್ದು, ಬಲಕ್ಕೆ ನನ್ನನ್ನು. ಎಡಗಡೆಯಲ್ಲಿ ಗೀಟುಗಳು ಬೇಲಿಯ ಹಾಗೆ ಸಾಲಾಗಿ ನಿಂತಿವೆ. ಬಲಗಡೆಯಲ್ಲಿ ಆ ವಾರ ಎರಡೇ ಇವೆ, ಒಂದು ಚಹಾ ಮಾಡಿದ್ದಕ್ಕೆ, ಇನ್ನೊಂದು ಚಹಾಕ್ಕೆ ಸಕ್ಕರೆ ಕಡಿಮೆ ಹಾಕಿದ್ದಕ್ಕೆ.

ಆ ದಿನಗಳಲ್ಲಿ ನನ್ನ ಜಡೆ ಹಾಕಲು ಅವ್ವನಿಗೆ ಆಗುತ್ತಿರಲಿಲ್ಲ. ಹಣಿಗೆ ಹಿಡಿದು ಎರಡು ಸಲ ಪ್ರಯತ್ನಿಸಿ ಕೈಬಿಟ್ಟಳು. "ಬಾರಬೇ ಇಲ್ಲಿ" ಎಂದು ಆಕೆಯೇ ನನ್ನನ್ನು ಎಳೆದು ಕೂರಿಸಿಕೊಂಡು ಜಡೆ ಹಾಕಿದಳು. ಕೂದಲನ್ನು ಬೀಡಿಯಷ್ಟೇ ಬಿಗಿಯಾಗಿ ಸುತ್ತಿದಳು. ಶಾಲೆಯಲ್ಲಿ ದಿನವಿಡೀ ಹಣೆ ಸೆಳೆಯುತ್ತಿತ್ತು. ತಲೆಯಿಂದ ತಂಬಾಕಿನ ವಾಸನೆ ಬರುತ್ತಿತ್ತು, ಅವ್ವನ ಸೆರಗಿನ ವಾಸನೆ ಅದು. ಅದು ಆಕೆಯ ಬೆರಳಿನಿಂದ ನನಗೆ ಬರಬೇಕಾಯಿತಲ್ಲ ಎಂದು ಹೊಟ್ಟೆ ಉರಿಯಿತು.

ಮುಂದಿನ ವಾರ ನಮ್ಮ ವಖಾರಕ್ಕೆ ಮಾಲು ತಪಾಸಣೆ ಮಾಡುವ ಹೊಸ ಚೆಕರ್ ಬಂದ, ಗಲ್ಲಿಯವರ ಗುರುತಿಲ್ಲದವನು. ಒಬ್ಬರ ಕಾರ್ಡಿನ ಮೇಲೆ ಇನ್ನೊಬ್ಬರು ಕಟ್ಟಿದ ಮಾಲನ್ನು ಅವನು ತೆಗೆದುಕೊಳ್ಳುತ್ತಿರಲಿಲ್ಲ. ಕಾರ್ಡಿನವಳು ಕಟ್ಟಿರಬೇಕು, ಇಲ್ಲವೇ ಅವಳ ಮನೆಯವರು ಕಟ್ಟಿರಬೇಕು. ಹೊರಗಿನವರ ಕೈ ಎಂದು ತಿಳಿದರೆ ಮಾಲು ವಾಪಸ್, ಕಾರ್ಡೂ ಬಂದ್. ಅವ್ವನಿಗೆ ಇದು ಗೊತ್ತಿತ್ತು. ಆದರೂ ಹೋಗಲೇಬೇಕಿತ್ತು, ಹೋಗದಿದ್ದರೆ ಆ ಕಾರಣಕ್ಕೆ ಕಾರ್ಡು ಬಂದ್ ಆಗುತ್ತಿತ್ತು. ಅವ್ವ ಮಂಡಿ ಹಿಡಿದುಕೊಂಡು ನಡೆದಳು, ಆಕೆ ಚೀಲ ಹೊತ್ತಳು, ನಾನು ಅವರಿಬ್ಬರ ಮೇಲೆ ಛತ್ರಿ ಹಿಡಿದು ಹಿಂದೆ ಹೋದೆ.

ಚೆಕರ್ ಕಟ್ಟುಗಳನ್ನು ನೋಡಿದ, ಆಮೇಲೆ ಅವ್ವನ ಕೈ ನೋಡಿದ. ಆ ಬೆರಳುಗಳಿಂದ ಬೀಡಿ ಕಟ್ಟಲಾಗದು ಎಂದು ತಿಳಿಯಲು ಚೆಕರೇ ಆಗಬೇಕಿರಲಿಲ್ಲ.

"ಯಾರ ಕಟ್ಯಾರ ಇವನ್ನ?"

ಅವ್ವ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. "ನನ್ನ ಮಗಳ್ರೀ" ಎಂದಳು.

ಅವನು ಕಾರ್ಡನ್ನು ತಿರುಗಿಸಿ ನೋಡಿದ. ಹಿಂಬದಿಯಲ್ಲಿ ಮನೆಯವರ ವಿವರ ಇತ್ತು: ಗಂಡ, ಮಗಳು ಒಬ್ಬಳು. "ಹೌದು, ಮಗಳ ಅದಾಳ. ಯಾಕಿ? ನನ್ನ ಮುಂದ ಒಂದ ಕಟ್ಟಿ ತೋರಸಲಿ." ಎಲೆ, ತಂಬಾಕು, ದಾರ ಮುಂದೆ ಸರಿಸಿದ.

ನಾನು ಛತ್ರಿ ಮಡಚಿ ಹಿಡಿದು ನಿಂತಿದ್ದೆ. ಅವ್ವ ನನ್ನ ಕಡೆ ನೋಡಲಿಲ್ಲ. ಅವಳ ಬಾತ ಕೈ ಆಕೆಯ ಹೆಗಲ ಮೇಲೆ ಹೋಗಿ ಕೂತಿತು. "ಈಕೀನ್ರಿ."

ಆಕೆ ಚೀಲ ಕೆಳಗಿಟ್ಟು, ಕೈ ಲಂಗಕ್ಕೆ ಒರೆಸಿ, ಒಂದೇ ಉಸಿರಿಗೆ ಬೀಡಿ ಸುತ್ತಿ ಅವನ ಮುಂದಿಟ್ಟಳು. ಅವನು ಅದನ್ನು ಚೀಲದ ಬೀಡಿಯ ಪಕ್ಕ ಇಟ್ಟು ನೋಡಿದ. ಎರಡರಲ್ಲೂ ಅದೇ ಗೆರೆ.

"ಕೈ ಅವ್ವಂದ ಬಂದೈತಿ" ಎಂದ. ಆಮೇಲೆ ನನ್ನನ್ನು ನೋಡಿದ. "ಮತ್ತ ಈಕಿ ಯಾರು?"

"ಬಾಜೂ ಮನಿಯಾಕಿ" ಎಂದಳು ಅವ್ವ.

ಮಾತು ಅಲ್ಲಿಗೇ ಮುಗಿಯಬಹುದಿತ್ತು. ನನ್ನ ಮೂಗು ಅವ್ವನ ಮೂಗೇ ಎಂದು ಗಲ್ಲಿಯವರೆಲ್ಲ ಹೇಳುತ್ತಿದ್ದರು. ಚೆಕರ್ ನಮ್ಮಿಬ್ಬರನ್ನೂ ಒಂದು ಸಲ ನೋಡಿ ನನ್ನನ್ನೇ ಕೇಳಿದ. "ಹೌದೇನಬೇ?"

ಅವ್ವನ ಕತ್ತಿನ ನರ ಎದ್ದು ನಿಂತದ್ದು ನನಗೆ ಕಾಣುತ್ತಿತ್ತು. ನಾನು ಅಲ್ಲ ಎಂದರೆ ಕಾರ್ಡು ಹೋಗುತ್ತಿತ್ತು. ಹೌದು ಎಂದರೆ ಏನು ಹೋಗುತ್ತಿತ್ತು ಎಂಬುದು ನನಗೊಬ್ಬಳಿಗೇ ಗೊತ್ತಿತ್ತು.

"ಹೌದ್ರಿ" ಎಂದೆ. "ಅವರ ಮನಿ ಬಾಜೂಕನ ನಮ್ಮನಿ. ಮಳಿ ಬಂತಂತ ಕಾಕೂಗ ಛತ್ರಿ ಹಿಡಕೊಂಡ ಬಂದೀನಿ."

ಅವ್ವನನ್ನು ಕಾಕೂ ಎಂದು ಕರೆದದ್ದು ಅದೇ ಮೊದಲು. ಚೆಕರ್ ಮಾಲು ತೆಗೆದುಕೊಂಡ. ಆಕೆ ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಅವ್ವನ ತೋಳು ಹಿಡಿದು, "ನಡಿ ಅವ್ವಾ. ಹಗೂರ ಅವ್ವಾ, ಇಲ್ಲಿ ಜಾರತೈತಿ" ಎಂದಳು. ಮೆಟ್ಟಿಲು ಇಳಿದ ಮೇಲೂ ಅಂದಳು. ರಸ್ತೆ ದಾಟುವಾಗಲೂ ಅಂದಳು. ಚೆಕರ್ ಕೇಳಿಸಿಕೊಳ್ಳಲೆಂದಾದರೆ ಒಂದು ಸಲ ಸಾಕಿತ್ತು. ನಾನು ಹಿಂದೆ ಛತ್ರಿ ಹಿಡಿದು ನಡೆಯುತ್ತ ಎಣಿಸುತ್ತಿದ್ದೆ.

ಮನೆಗೆ ಬಂದ ಮೇಲೆ ಅವ್ವನನ್ನು ಕೇಳಿದೆ. "ಇಬ್ಬರೂ ನನ್ನ ಮಕ್ಕಳ ಅನ್ನಾಕ ಬರತಿರಲಿಲ್ಲೇನ?"

"ಕಾರ್ಡಿನಾಗ ಒಬ್ಬಾಕೀನ ಅದಾಳ."

"ಅದು ನಾನಲ್ಲೇನ?"

"ನೀ ಕಟ್ಟಿ ತೋರಸ್ತಿದ್ದೇನ?"

"ನೀ ಕಲಸಿಲ್ಲ" ಎಂದೆ.

ಅವ್ವ ತನ್ನ ಕೈಗಳನ್ನು ಮಡಿಲಲ್ಲಿ ಮೇಲುಮುಖವಾಗಿ ಇಟ್ಟುಕೊಂಡು ಕೂತಳು. "ಇವತ್ತ ಮನಿ ಉಳಿಸಿದಾಕಿ ನೀನ" ಎಂದಳು. ಅದನ್ನು ಪುಟದ ಬಲಗಡೆ ಬರೆದುಕೊಂಡೆ. ಆದರೆ ಅದನ್ನು ಹೇಳಿದ ಮರುಕ್ಷಣವೇ, "ಹೋಗ, ಆಕಿಗೆ ಬಿಸಿ ರೊಟ್ಟಿ ಕೊಟ್ಟ ಬಾ, ಮಳ್ಯಾಗ ತೋಯಿಸಿಕೊಂಡಾಳ" ಎಂದದ್ದರಿಂದ ಎಡಗಡೆಗೂ ಒಂದು ಗೀಟು ಹಾಕಬೇಕಾಯಿತು.

ರೊಟ್ಟಿ ಒಯ್ದಾಗ ಆಕೆ ಒದ್ದೆ ಕೂದಲು ಬಿಚ್ಚಿಕೊಂಡು ಒಲೆಯ ಮುಂದೆ ಕೂತಿದ್ದಳು. "ಬರ್ರಿ ಬಾಜೂ ಮನಿಯಾಕಿ!" ಎಂದು ಸ್ವಾಗತಿಸಿದಳು. ನಾನು ತಾಟನ್ನು ನೆಲಕ್ಕೆ ಕುಕ್ಕಿ ತಿರುಗಿದೆ. ಹಿಂದಿನಿಂದ ಅವಳ ಅಜ್ಜಿ ಹೇಳುವುದು ಕೇಳಿಸಿತು. "ನಗಬ್ಯಾಡಲೇ. ನಿಮ್ಮವ್ವ ಸತ್ತ ಮ್ಯಾಲೆ ನೀ ಯಾರಿಗೂ ಅವ್ವಾ ಅಂದಾಕಿ ಅಲ್ಲ. ಇವತ್ತ ಅಂದಿ ಅಂತಲ್ಲ, ಹೆಂಗ ಅನಸ್ತು?" ಆಕೆ ಉತ್ತರ ಕೊಟ್ಟಳೋ ಇಲ್ಲವೋ ತಿಳಿಯಲು ನಾನು ನಿಲ್ಲಲಿಲ್ಲ. ನಿಂತಿದ್ದರೆ ಅವಳ ಮೇಲಿನ ಸಿಟ್ಟು ಕಡಿಮೆಯಾಗುತ್ತಿತ್ತು, ಅದು ನನಗೆ ಬೇಕಿರಲಿಲ್ಲ.

ಆಮೇಲೆ ವಾರಗಟ್ಟಲೆ ಅದೇ ನಡೆಯಿತು. ವಖಾರದ ಬಾಗಿಲು ದಾಟಿದೊಡನೆ ಅವಳು ಮಗಳು, ನಾನು ಬಾಜೂ ಮನೆಯವಳು. ಶ್ರಾವಣ ಬಂತು. ಪಂಚಮಿಗೆ ಗಲ್ಲಿಯ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದರು. ಅವ್ವನಿಗೆ ಆ ಹೊತ್ತಿಗೆ ಉಂಡಿ ಕಟ್ಟುವಷ್ಟು ಬೆರಳು ಮಡಚಲು ಬರುತ್ತಿತ್ತು. ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ, ಮೊದಲ ತಾಟನ್ನು ಆಕೆಗೆ ಕಳಿಸಿದಳು. ಅದರ ಜೊತೆ ನನಗೆಂದು ತಂದ ಹಸಿರು ಬಳೆಗಳಲ್ಲಿ ಅರ್ಧವನ್ನೂ ಕಳಿಸಿದಳು. "ಕಷ್ಟದಾಗ ಕೈ ಹಿಡದಾಕಿ. ಕೈಗೆ ಏನರ ಹಾಕಬೇಕು" ಎಂದಳು. ಒಯ್ಯುವವಳು ಯಥಾಪ್ರಕಾರ ನಾನೇ. ನನ್ನ ಎರಡೂ ಕೈಯ ಬಳೆ ಒಂದು ಕೈಗೆ ಇಳಿದವು.

ಭಾದ್ರಪದದಲ್ಲಿ ಅವ್ವ ತಾನೇ ಕಟ್ಟಿದ ಮಾಲನ್ನು ತೆಗೆದುಕೊಂಡು ವಖಾರಕ್ಕೆ ಹೊರಟಳು. ಜೊತೆಗೆ ನಾನೊಬ್ಬಳೇ. ಇವತ್ತು ಕೇಳಿದರೆ ಅವ್ವ ನಿಜ ಹೇಳುತ್ತಾಳೆ ಎಂದುಕೊಂಡಿದ್ದೆ. ಕೈ ಗುಣವಾಗಿದೆ, ಇನ್ನೇನು ಭಯ? ಬಿಗಿಯಾಗಿ ನಾನೇ ಜಡೆ ಹಾಕಿಕೊಂಡಿದ್ದೆ.

"ಮಗಳೆಲ್ಲಿ?" ಎಂದ ಚೆಕರ್.

"ಮನ್ಯಾಗ ಅದಾಳ್ರಿ. ಕಟ್ಟಾಕತ್ತಾಳ" ಎಂದಳು ಅವ್ವ. ಹಿಂತಿರುಗುವ ದಾರಿಯಲ್ಲಿ, "ಒಮ್ಮೆ ಹೇಳಿದ್ದನ್ನ ಈಗ ಹೆಂಗ ತಿರಗಸೂದು? ಕಾರ್ಡು ಇರೂತನಕ ಅದು ಹಂಗ ಇರಲಿ" ಎಂದಳು. ನಾನು ಪಿಯುಸಿ ಮುಗಿಸಿ ಚಿಕ್ಕೋಡಿಯ ಕಾಲೇಜಿಗೆ ಹೋಗುವ ಹೊತ್ತಿಗೂ ಆ ವಖಾರದಲ್ಲಿ ನಾನು ಬಾಜೂ ಮನೆಯವಳೇ ಆಗಿದ್ದೆ.

ಆಕೆಗೆ ಅಥಣಿ ತಾಲೂಕಿನ ತೆಲಸಂಗದಲ್ಲಿ ಮದುವೆಯಾಯಿತು. ಜೋಳ ಬೆಳೆಯುವ ಮನೆ, ಬೀಡಿ ಕಟ್ಟುವವರು ಆ ಊರಲ್ಲಿ ಯಾರೂ ಇರಲಿಲ್ಲ. ಹೋದಳಲ್ಲ ಎಂದು ಅಳುವವರ ನಡುವೆ ನಾನೂ ಅತ್ತೆ. ಬಾಗಿಲಿನ ಬೆಳಕಿನ ಜಾಗ ಖಾಲಿಯಾಯಿತಲ್ಲ ಎಂಬ ಸಮಾಧಾನವೂ ಆ ಅಳುವಿನಲ್ಲಿ ಇತ್ತು. ಅವ್ವ ಮಾತ್ರ ಆ ಜಾಗಕ್ಕೆ ನನ್ನನ್ನು ಕರೆಯಲಿಲ್ಲ. ಪಕ್ಕಕ್ಕೆ ಎಲೆಯ ಗಂಟು ಇಟ್ಟುಕೊಂಡಳು.

ಎರಡು ವರ್ಷಕ್ಕೆ ಅವಳ ಅಜ್ಜಿ ತೀರಿಕೊಂಡಳು, ಬಾಜೂ ಮನೆಗೆ ಬೀಗ ಬಿತ್ತು. ಆ ಶ್ರಾವಣದಲ್ಲಿ ಅವ್ವ ನನ್ನನ್ನು ಕರೆದು ಹೇಳಿದಳು. "ಪಂಚಮಿಗೆ ಆಕೀನ ಕರಕೊಂಡ ಬಾ."

"ಹೆಣ್ಣಮಕ್ಕಳನ್ನ ತವರಿಗೆ ಅಣ್ಣ ತಮ್ಮ ಹೋಗಿ ಕರೀತಾರ. ನಾ ಯಾಕ?"

"ಆಕಿಗೆ ಯಾರ ಅದಾರ? ತವರಮನಿಗೆ ಬೀಗ ಬಿದ್ದೈತಿ. ನಮ್ಮ ಕಾರ್ಡಿಗೆ ಬೀಗ ಬೀಳದಂಗ ನೋಡಿದಾಕಿ ಆಕಿ. ಇದೂ ಮುಯ್ಯೀನ."

ಚಿಕ್ಕೋಡಿಯಲ್ಲಿ ಒಂದು ಬಸ್ಸು ಬದಲಿಸಿ, ಅಥಣಿಯಲ್ಲಿ ಇನ್ನೊಂದು ಬದಲಿಸಿ ತೆಲಸಂಗ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಮಡಿಲಲ್ಲಿ ಉಂಡಿಯ ಡಬ್ಬಿ, ತಲೆಯಲ್ಲಿ ಒಂದೇ ವಿಚಾರ: ನಾನು ಮದುವೆಯಾಗಿ ಹೋದರೂ ಪಂಚಮಿಗೆ ನನ್ನ ತವರಿನಲ್ಲಿ ಇವಳು ಮೊದಲೇ ಬಂದು ಕೂತಿರುತ್ತಾಳೆ.

ಕಟ್ಟೆಯ ಮೇಲೆ ಅವಳ ಅತ್ತೆ ಕೂತಿದ್ದಳು. ನೀರು ಕೊಟ್ಟು, ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಕರಿಯಾಕ ಬಂದೀರಿ, ಛಲೋ ಆತು. ನೀವ ನಮ್ಮ ಸೊಸಿಗೆ ಏನಾಗಬೇಕ್ರಿ? ಆಕಿ ಕಡೇಂದ ಯಾರೂ ಇಲ್ಲ ಅಂದಿದ್ರಲ್ಲ?"

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಪರಿಚಿತ ದನಿ ಕೂಗಿತು. "ಬಾಜೂ ಮನಿಯಾಕಿ, ಅತ್ತೀ! ಛತ್ರಿ ಹಿಡಿಯಾಕಿ!"

ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದು ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಆದರೆ ನಗುವಾಗ ಅವಳು ನೋಡುತ್ತಿದ್ದದ್ದು ನನ್ನನ್ನಲ್ಲ, ಅತ್ತೆಯ ಮುಖವನ್ನು. ಬಾಜೂ ಮನೆಯವಳ ಜೊತೆ ಸೊಸೆಯನ್ನು ಯಾರು ಕಳಿಸುತ್ತಾರೆ? ಅತ್ತೆಯ ಹುಬ್ಬು ಆಗಲೇ ಮೇಲಕ್ಕೆ ಹೋಗಿತ್ತು. ಕಳಿಸುವುದಿಲ್ಲ ಎಂಬುದು ತನಗೆ ಮೊದಲೇ ಗೊತ್ತು ಎನ್ನುವ ಹಾಗೆ ಆಕೆ ನಗುತ್ತಿದ್ದಳು. ವಖಾರದಲ್ಲಿ ನನ್ನ ಕಡೆ ನೋಡದೆ ನಿಂತ ಅವ್ವನ ಕತ್ತು ನನಗೆ ನೆನಪಾಯಿತು.

"ಆಕಿ ಮಾತ ಕೇಳಬ್ಯಾಡ್ರಿ" ಎಂದೆ. "ಆಕಿ ನಮ್ಮಕ್ಕ. ನಮ್ಮವ್ವ ಹೇಳಿ ಕಳಿಸ್ಯಾಳ, ದೊಡ್ಡ ಮಗಳನ್ನ ಪಂಚಮಿಗೆ ಕರಕೊಂಡ ಬಾ ಅಂತ."

ಅತ್ತೆ ಹುಬ್ಬು ಇಳಿಸಿ, ಹೋಗಿ ಬರಲಿ ಎಂಬಂತೆ ತಲೆಯಾಡಿಸಿದಳು. ಆಕೆಯ ನಗು ನಿಂತಿತು. ಒಳಗೆ ಹೋಗಿ ಚೀಲ ತುಂಬತೊಡಗಿದಳು. ಡಬ್ಬಿಗಳ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಆ ಮಾತಿಗಾಗಿ ಅಥಣಿಯ ಸ್ಟ್ಯಾಂಡ್ ಬರುವವರೆಗೂ ನಾನು ಪಶ್ಚಾತ್ತಾಪಪಟ್ಟೆ. ಯಾಕೆಂದರೆ ಬಸ್ಸು ಹತ್ತಿದ ಕೂಡಲೇ ಅವಳು ಮೊದಲಿನವಳೇ ಆದಳು. ಕಿಟಕಿಯ ಸೀಟು ಹಿಡಿದಳು. "ದೊಡ್ಡಾಕಿ ನಾನು" ಎಂದು ಡಬ್ಬಿ ತೆಗೆದು, ದಾರಿಗೆಂದು ಅವ್ವ ನನಗೆ ಇಟ್ಟಿದ್ದ ಎಳ್ಳುಂಡಿಯನ್ನೂ ತಿಂದಳು.

"ಬರದಿಟ್ಟಕೋ ಕಾರಕೂನಬಾಯಿ. ನಾ ಎಷ್ಟ ತಿಂದೆ?"

"ಐದು."

"ಆರು. ಒಂದು ನೀ ಕಿಟಕಿ ಹೊರಗ ನೋಡುಮುಂದ."

ನಿಪ್ಪಾಣಿ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅವ್ವ ಬಾಗಿಲಲ್ಲೇ ಕೂತಿದ್ದಳು, ಎಲೆಯ ಗಂಟನ್ನು ಆಚೆ ಸರಿಸಿ ಪಕ್ಕದ ಜಾಗ ಖಾಲಿ ಮಾಡಿದ್ದಳು. "ಬಂದ್ರೇನ?" ಎಂದು ಎದ್ದವಳು ಮೊದಲು ಅವಳ ಕೈ ಹಿಡಿದಳು, ಬೆಳಕಿಗೆ ತಂದು ಬೆರಳುಗಳನ್ನು ಒಂದೊಂದಾಗಿ ನೋಡಿದಳು. ನನ್ನ ಕೈ ಹಿಡಿಯುವಂತಿರಲಿಲ್ಲ. ಎರಡರಲ್ಲೂ ಚೀಲಗಳಿದ್ದವು. ಎರಡೂ ಅವಳವೇ.